ಕೋಳಿಗೆ ಮದ್ದು ಅರೆದವರು

ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಕೋಳಿಯ ಮುಖ ನೋಡಿ, ಜುಟ್ಟಿನ ಬಣ್ಣ ನೋಡಿ, ಹಿಕ್ಕೆ ನೋಡಿ ಅದಕ್ಕೆ ತಕ್ಕ ಮದ್ದು ಅರೆದವರೂ ನಮ್ಮಲ್ಲಿ ಇದ್ದರು. ನಮ್ಮ ಅವ್ವ ಅಂಥವರಲ್ಲಿ ಒಬ್ಬಳು. ಬೆಳಿಗ್ಗೆ ಮಂಕರಿ ಎತ್ತಿ ಕೋಳಿಗಳನ್ನು ಹೊರಗೆ ಬಿಡುವಾಗ ಒಂದೊಂದನ್ನೂ ಕಣ್ಣಲ್ಲೇ ಎಣಿಸುತ್ತಿದ್ದಳು. ಯಾವುದಾದರೊಂದು ಹಿಂದುಳಿದು ರೆಕ್ಕೆ ಇಳಿಬಿಟ್ಟು ನಿಂತರೆ, ಅದನ್ನು ಹಿಡಿದು ಕೊಕ್ಕು ಬಿಡಿಸಿ ಬಾಯೊಳಗೆ ನೋಡುತ್ತಿದ್ದಳು. ಆಮೇಲೆ ಒರಳುಕಲ್ಲಿನ ಮೂಲೆಯಲ್ಲಿ ಬೆಳ್ಳುಳ್ಳಿ, ಮೆಣಸು, ಅರಿಶಿನ ಸೇರಿಸಿ ಜಜ್ಜುವ ಸದ್ದು ಕೇಳುತ್ತಿತ್ತು. ಅಪ್ಪ ಜಗುಲಿಯಲ್ಲಿ ಕುಳಿತೇ, "ಮನೆಯವರಿಗೆ ಕಾಫಿ ಆಗ್ಲಿಲ್ಲ, ಕೋಳಿಗೆ ಕಷಾಯ ಆಯ್ತು" ಎಂದು ಗೊಣಗುತ್ತಿದ್ದರು.

ಅಪ್ಪ ಗೊಣಗುತ್ತಿದ್ದರೇ ಹೊರತು ಅಡ್ಡ ಬರುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ದನ, ಹೊಲ, ಹೊಗೆಸೊಪ್ಪಿನ ದುಡ್ಡು ಎಲ್ಲ ಗಂಡಸರದು. ಕೋಳಿ ಮಾತ್ರ ಹೆಂಗಸರದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದು ಯಾರೂ ಬರೆದಿಡದ ಕಾನೂನು. ಮೊಟ್ಟೆ ಮಾರಿದ ದುಡ್ಡು ಸಾಸಿವೆ ಡಬ್ಬಿಗೆ ಹೋಗುತ್ತಿತ್ತು. ಹುಂಜ ಮಾರಿದ ದುಡ್ಡಿನಲ್ಲಿ ಮಗಳಿಗೆ ಬಳೆ, ಮಗನಿಗೆ ಪುಸ್ತಕ, ತವರಿಗೆ ಹೋಗುವಾಗ ಬಸ್ ಚಾರ್ಜು. ಕೋಳಿಯೇ ಇಲ್ಲದ ಬಡ ಹೆಂಗಸು ನೆರೆಯವಳಿಂದ ಒಂದು ಯಾಟೆಯನ್ನು ಪಾಲಿಗೆ ತಂದು ಸಾಕಿ, ಹುಟ್ಟಿದ ಪಿಳ್ಳೆಗಳಲ್ಲಿ ಅರ್ಧ ಹಿಂತಿರುಗಿಸಿ, ತನ್ನದೊಂದು ಗೂಡು ಮಾಡಿಕೊಳ್ಳುತ್ತಿದ್ದಳು. ಹೀಗಿರುವಾಗ ಕೋಳಿಗೆ ರೋಗ ಬಂತೆಂದರೆ ಅವಳ ಬ್ಯಾಂಕಿಗೇ ರೋಗ ಬಂದ ಹಾಗೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ವರ್ಗಾವಣೆಯ ಕೃಪೆಯಿಂದ ಈ ನಾಲ್ಕೂ ತಾಲ್ಲೂಕುಗಳ ನೀರು ಕುಡಿದಿದ್ದೇನೆ. ಇತಿಹಾಸವೆಂದರೆ ರಾಜರ ಇಸವಿಗಳಷ್ಟೇ ಅಲ್ಲ ಎಂದು ತಿಳಿಸುವುದಕ್ಕೆ ಒಂದು ವರ್ಷ ಮಕ್ಕಳಿಗೆ, "ನಿಮ್ಮ ಅಜ್ಜಿಯರು ಕೋಳಿಗೆ ಏನು ಔಷಧಿ ಮಾಡುತ್ತಾರೆ, ಕೇಳಿ ಬರೆದುಕೊಂಡು ಬನ್ನಿ" ಎಂದೆ. ಮೊದಲು ಕ್ಲಾಸೆಲ್ಲ ನಕ್ಕಿತು. ಮರುದಿನ, ಪರೀಕ್ಷೆಯಲ್ಲಿ ಎರಡು ಸಾಲು ಬರೆಯದ ಹುಡುಗಿಯೊಬ್ಬಳು ಎರಡು ಪುಟ ತುಂಬಿಸಿಕೊಂಡು ಬಂದಳು. ಆ ಹಾಳೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿದೆ. ಮುಂದೆ ಹೋದ ಶಾಲೆಗಳಲ್ಲೂ ಅದೇ ಕೆಲಸ ಕೊಟ್ಟೆ. ಈಗ ಅದು ದಪ್ಪ ಪುಸ್ತಕವಾಗಿದೆ.

ಆ ಪುಸ್ತಕದ ಮೊದಲ ಪುಟಕ್ಕೆ ಮುನ್ನುಡಿ ಬರೆಯೋಣವೆಂದು ಹಳೆಯ ಗ್ರಂಥಗಳಲ್ಲಿ ಕೋಳಿಯ ವೈದ್ಯ ಏನಿದೆಯೆಂದು ಹುಡುಕಿದೆ. ಆನೆಗೆ ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದವಿದೆ, ಕುದುರೆಗೆ ಶಾಲಿಹೋತ್ರನಿದ್ದಾನೆ. ಕನ್ನಡದಲ್ಲೇ ಸುಮಾರು 12ನೆಯ ಶತಮಾನದ ಹೊತ್ತಿಗೆ ಚಾಲುಕ್ಯ ಮನೆತನದ ಕೀರ್ತಿವರ್ಮ ಗೋವೈದ್ಯ ಬರೆದ. ಅದೇ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕೋಳಿ ಬರುತ್ತದೆ, ಆದರೆ ಅಂಕದ ಹುಂಜವಾಗಿ, ಅರಮನೆಯ ವಿನೋದವಾಗಿ. ಮದ್ದೂರಿನ ಹತ್ತಿರದ ಆತಕೂರಿನಲ್ಲಿ 10ನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನೆಟ್ಟಿದ್ದಾರೆ. ಮನೆಯ ಹಿತ್ತಲಲ್ಲಿ ಕೆದಕುತ್ತ ಮೊಟ್ಟೆ ಕೊಟ್ಟ ಯಾಟೆಗೆ ಕಲ್ಲೂ ಇಲ್ಲ, ಗ್ರಂಥವೂ ನನಗೆ ಸಿಗಲಿಲ್ಲ.

ನಮ್ಮ ಹುಣಸೂರನ್ನೇ ನೋಡಿ. 19ನೆಯ ಶತಮಾನದಲ್ಲಿ ಅದು ಅಮೃತಮಹಲ್ ದನಗಳ ಮುಖ್ಯ ಠಾಣ್ಯ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಅವನ ನಂತರ ಕಂಪನಿಯವರು ತೋಪು ಎಳೆಯುವ ಎತ್ತುಗಳಿಗಾಗಿ ಅದನ್ನು ಮುಂದುವರಿಸಿದರು. 1860ರಲ್ಲಿ ಖರ್ಚು ಹೆಚ್ಚೆಂದು ದನಗಳನ್ನು ಮಾರಿಹಾಕಿ, ತಪ್ಪಾಯಿತೆಂದು ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಎತ್ತು ಸತ್ತರೆ ಸೈನ್ಯ ನಿಲ್ಲುತ್ತದೆ, ಆದ್ದರಿಂದ ಎತ್ತಿಗೆ ಲೆಕ್ಕವಿತ್ತು, ಕಾಗದವಿತ್ತು, ಅಧಿಕಾರಿಯಿದ್ದ. ಕೋಳಿ ಸತ್ತರೆ ಒಬ್ಬ ಹೆಂಗಸಿನ ಸಾಸಿವೆ ಡಬ್ಬಿ ಖಾಲಿಯಾಗುತ್ತದೆ, ಅಷ್ಟೆ. ಅದರ ಲೆಕ್ಕ ಯಾವ ದಫ್ತರಕ್ಕೂ ಬೇಕಿರಲಿಲ್ಲ. ಹಾಗಾಗಿ ಕೋಳಿಯ ವೈದ್ಯ ಅವ್ವನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲೇ ನಡೆದು ಬಂತು.

ಅಂದಹಾಗೆ ಕೋಳಿಯ ವಂಶ ಹುಡುಕುತ್ತ ಹೋದರೆ ಅದರ ಒಂದು ಎಳೆ ನಮ್ಮ ಕಾಡಿಗೇ ಬಂದು ಸೇರುತ್ತದೆ. ಊರಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಲೋಕದ ಎಷ್ಟೋ ಕೋಳಿಗಳ ಕಾಲು, ಚರ್ಮ ಹಳದಿಯಾಗಿರುವುದಕ್ಕೆ ಕಾರಣವಾದ ಗುಣ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೂದು ಕಾಡುಕೋಳಿ ನಮ್ಮ ದಕ್ಷಿಣ ಭಾರತದ ಹಕ್ಕಿ. ನಾಗರಹೊಳೆಯ ಅಂಚಿನಲ್ಲಿ, ಎಚ್.ಡಿ. ಕೋಟೆಯ ಕಾಡುದಾರಿಯಲ್ಲಿ ಬೆಳಗಿನ ಹೊತ್ತು ಅದರ ಕೂಗು ಈಗಲೂ ಕೇಳುತ್ತದೆ.

ಇನ್ನು ನೋಟ್‌ಬುಕ್ಕಿನ ಮದ್ದುಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಪುಟ ಹಿಡಿದಿರುವುದು ಹೇನು ಮತ್ತು ಉಣ್ಣೆ. ಕಾವಿಗೆ ಕೂತ ಯಾಟೆಗೆ ಹೇನು ಹತ್ತಿದರೆ ಅದು ಮೊಟ್ಟೆ ಬಿಟ್ಟು ಎದ್ದುಬಿಡುತ್ತದೆ, ಇಡೀ ಕಾವು ಹಾಳು. ಅದಕ್ಕೆ ಕೆ.ಆರ್. ನಗರದ ಕಡೆಯ ಅಜ್ಜಿಯರು ಗೂಡಿಗೆ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಸುತ್ತಾರೆ. ಎಲ್ಲ ತಾಲ್ಲೂಕಿನವರೂ ಹೇಳಿದ ಇನ್ನೊಂದು ಮದ್ದು ಒಲೆಯ ಬೂದಿ. ತಣ್ಣಗಿನ ಒಣ ಬೂದಿಯನ್ನು ಮಣ್ಣಿನೊಡನೆ ಒಂದು ಗುಂಡಿಯಲ್ಲಿ ಹಾಕಿಟ್ಟರೆ ಕೋಳಿ ತಾನಾಗಿಯೇ ಬಂದು ಹೊರಳಾಡುತ್ತದೆ. ನುಣ್ಣನೆಯ ಬೂದಿ ಹೇನಿನ ಮೈಮೇಲಿನ ಜಿಡ್ಡನ್ನು ಕೆರೆದು ಅದನ್ನು ಒಣಗಿಸಿ ಕೊಲ್ಲುತ್ತದೆ. ಇದರಲ್ಲಿ ಖರ್ಚಿಲ್ಲ, ಅಪಾಯವೂ ಇಲ್ಲ.

ಅಪಾಯವಿರುವುದು ಹೊಗೆಸೊಪ್ಪಿನಲ್ಲಿ. ನಮ್ಮ ಸೀಮೆ ವರ್ಜೀನಿಯಾ ತಂಬಾಕಿನ ಸೀಮೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಹಳ್ಳಿಗಳಲ್ಲಿ ಬ್ಯಾರನ್ ಇಲ್ಲದ ಬೀದಿಯಿಲ್ಲ. ಕೈಗೆ ಸಿಗುವ ಒಣ ಎಲೆಯ ಚೂರನ್ನು ಕೋಳಿಗೂಡಿನ ತಳದಲ್ಲಿ ಹಾಕುವುದು ಎಲ್ಲರಿಗೂ ಗೊತ್ತು, ಅದರಿಂದ ಹೇನು ಓಡುವುದೂ ನಿಜ. ಅಮೆರಿಕದಲ್ಲಿ ಕೂಡ 20ನೆಯ ಶತಮಾನದ ಮೊದಲರ್ಧದಲ್ಲಿ ತಂಬಾಕಿನಿಂದ ತೆಗೆದ ನಿಕೋಟಿನ್ ದ್ರಾವಣವನ್ನು ಕೋಳಿ ಕೂರುವ ಕೋಲಿಗೆ ಬಳಿಯುತ್ತಿದ್ದರು. ರಾತ್ರಿ ಮೇಲೇಳುವ ಅದರ ಆವಿಗೆ ಹೇನು ಸಾಯುತ್ತಿತ್ತು. ಆದರೆ ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಬುದ್ಧಿವಂತಿಕೆ ತೋರಿಸಲು ಹೋಗಿ, ಹೊಗೆಸೊಪ್ಪನ್ನು ನೀರಿನಲ್ಲಿ ಕುದಿಸಿ, ಆರಿಸಿ, ಒಂಬತ್ತು ಪಿಳ್ಳೆಗಳನ್ನು ಅದರಲ್ಲಿ ಅದ್ದಿದೆ. ಸಂಜೆಯ ಹೊತ್ತಿಗೆ ಏಳು ಕಾಲು ಸೆಟೆದು ಸತ್ತಿದ್ದವು. ಹೇನಿಗೆ ವಿಷವಾದದ್ದು ಚರ್ಮದ ಮೂಲಕ ಪಿಳ್ಳೆಗೂ ಇಳಿಯಿತು. ಅವ್ವ ಹೊಡೆಯಲಿಲ್ಲ. "ಮದ್ದು ಅಂದ್ರೆ ಅಳತೆ ಕನವ್ವ, ಅಳತೆ ತಪ್ಪಿದ್ರೆ ಅದೇ ವಿಷ" ಎಂದಳು. ಸೀತಾಫಲದ ಬೀಜದ ಪುಡಿಯದೂ ಇದೇ ಕತೆ. ಹೇನಿಗೆ ಅದು ಯಮ, ಆದರೆ ಕಣ್ಣಿಗೆ ಬಿದ್ದರೆ ಕೋಳಿಯ ಕಣ್ಣೂ ಉಳಿಯದು, ನಮ್ಮ ಕಣ್ಣೂ ಉಳಿಯದು.

ಎರಡನೆಯದು ಕೋಳಿಯ ಸಿಡುಬು. ಜುಟ್ಟಿನ ಮೇಲೆ, ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲಿ ಕಪ್ಪು ಗಂಟುಗಳೇಳುತ್ತವೆ. ಹಳ್ಳಿಯಲ್ಲಿ ಇದಕ್ಕೂ ಅಮ್ಮ ಎಂದೇ ಹೆಸರು. ಅರಿಶಿನ ಮತ್ತು ಬೇವಿನ ಎಲೆ ಅರೆದು, ಹರಳೆಣ್ಣೆಯಲ್ಲಿ ಕಲಸಿ ಗಂಟುಗಳಿಗೆ ಹಚ್ಚುತ್ತಾರೆ. ಇದು ವೈರಸ್ಸಿನಿಂದ ಬರುವ ರೋಗ, ಸೊಳ್ಳೆ ಕಚ್ಚಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅರಿಶಿನ ಆ ವೈರಸ್ಸನ್ನು ಕೊಲ್ಲುವುದಿಲ್ಲ. ಆದರೆ ಹೊಪ್ಪಳೆ ಮೃದುವಾಗುತ್ತದೆ, ನೊಣ ಕೂರುವುದಿಲ್ಲ, ಕೀವಾಗುವುದು ತಪ್ಪುತ್ತದೆ, ಮುಚ್ಚಿಹೋದ ಕಣ್ಣು ಬಿಟ್ಟುಕೊಂಡು ಕೋಳಿ ಕಾಳು ಹೆಕ್ಕುತ್ತದೆ. ಚರ್ಮಕ್ಕಷ್ಟೇ ಬಂದ ಸಿಡುಬು ಕೆಲವು ವಾರಗಳಲ್ಲಿ ತಾನಾಗಿ ಇಳಿಯುವಂಥದ್ದು. ಅಷ್ಟು ದಿನ ಕೋಳಿಯನ್ನು ಉಪವಾಸದಿಂದ ಉಳಿಸುವುದೇ ಇಲ್ಲಿ ವೈದ್ಯ, ಅದನ್ನು ನಮ್ಮ ಅಜ್ಜಿಯರು ಸರಿಯಾಗಿಯೇ ಮಾಡಿದರು.

ಮೂರನೆಯದು ಪಿಳ್ಳೆಗಳ ರಕ್ತಭೇದಿ. ಮಳೆಗಾಲದಲ್ಲಿ, ಗೂಡು ತೇವವಾದಾಗ ಬರುತ್ತದೆ. ಮಜ್ಜಿಗೆ ಕುಡಿಸುವುದು, ದಾಳಿಂಬೆ ಸಿಪ್ಪೆಯ ಕಷಾಯ ಹಾಕುವುದು ನಮ್ಮವರ ಮದ್ದು. ಹಾಲಿನ ಪುಡಿ, ಮಜ್ಜಿಗೆ ತಿನ್ನಿಸುವ ಪ್ರಯೋಗವನ್ನು 1920ರ ದಶಕದಲ್ಲಿ ಅಮೆರಿಕದವರೂ ಮಾಡಿದ್ದರು. ಆಮೇಲೆ ಗುಳಿಗೆ ಪುಡಿಗಳು ಬಂದವು. ಈ ರೋಗದ ಜೀವಾಣು ಬಲಿಯುವುದಕ್ಕೆ ತೇವ ಬೇಕು. ಆದ್ದರಿಂದ ಮಜ್ಜಿಗೆಗಿಂತ ದೊಡ್ಡ ಮದ್ದು ಒಣ ಗೂಡು. ಪಿರಿಯಾಪಟ್ಟಣದ ಹುಡುಗನೊಬ್ಬನ ಅಜ್ಜಿ, "ಗೂಡಿಗೆ ಒಣ ಬೂದಿ ಹಾಕಿ ದಿನಾ ಗುಡಿಸು, ಮದ್ದು ಬೇಡ" ಎಂದು ಹೇಳಿ ಕಳಿಸಿದ್ದರು. ಆ ಉತ್ತರಕ್ಕೆ ನಾನು ಹತ್ತಕ್ಕೆ ಹತ್ತು ಕೊಟ್ಟೆ. ರಕ್ತ ಕಂಡ ಮೇಲೆ ಮಾತ್ರ ಕಾಯದೆ ಪಶು ಆಸ್ಪತ್ರೆಯ ಪುಡಿ ತರಬೇಕು, ಪಿಳ್ಳೆಗಳಿಗೆ ಎರಡು ಮೂರು ದಿನದ ವಾಯಿದೆಯಷ್ಟೇ ಇರುತ್ತದೆ.

ನಾಲ್ಕನೆಯದು ಕಾಲು ಬಿದ್ದುಹೋಗುವುದು. ಅವ್ವ ಇಂಥ ಕೋಳಿಗೆ ಅಕ್ಕಿಯ ತೌಡು ಕಲಸಿ ಉಂಡೆ ಮಾಡಿ ತಿನ್ನಿಸುತ್ತಿದ್ದಳು. ಇದರ ಬಗ್ಗೆ ಓದಿದಾಗ ನನಗೆ ಮೈ ಜುಮ್ಮೆಂದಿತು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಬೆನ್ನು ಹತ್ತಿದ್ದರು. ಅವರ ಪ್ರಯೋಗಾಲಯದ ಕೋಳಿಗಳು ಆಸ್ಪತ್ರೆಯ ಅಡುಗೆಮನೆಯ ಬಿಳಿ ಅನ್ನ ತಿನ್ನುತ್ತಿದ್ದಾಗ ಕಾಲಿನ ಶಕ್ತಿ ಕಳೆದುಕೊಂಡವು. ಹೊಸದಾಗಿ ಬಂದ ಅಡುಗೆಯವನು ಕೋಳಿಗೆ ಅನ್ನ ಕೊಡುವುದಿಲ್ಲವೆಂದ. ತೌಡು ಹೋಗದ ಅಕ್ಕಿ ಹಾಕಿದಾಗ ಅವು ಎದ್ದು ನಡೆದವು. ಆ ಎಳೆ ಹಿಡಿದೇ ಮುಂದೆ ಜೀವಸತ್ವಗಳ ಶಾಸ್ತ್ರ ಬೆಳೆಯಿತು, ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ತೌಡಿನಲ್ಲಿರುವ ಬಿ ಜೀವಸತ್ವದ ಹೆಸರು ಅವ್ವನಿಗೆ ಗೊತ್ತಿರಲಿಲ್ಲ. ಎಲ್ಲ ಕಾಲುನೋವಿಗೂ ತೌಡು ಮದ್ದಲ್ಲ, ಆದರೆ ಕೊರತೆಯಿಂದ ಬಂದದ್ದಕ್ಕೆ ಅದೇ ಸರಿಯಾದ ಮದ್ದು.

ಇಷ್ಟೆಲ್ಲ ಹೇಳಿದ ಮೇಲೆ, ಹೇಳಲು ಕಷ್ಟವಾದ ಮಾತಿಗೆ ಬರಬೇಕು. ಅದು ಕೊಕ್ಕರೆ ರೋಗದ ಮಾತು.

1987ರ ಬೇಸಿಗೆ. ನಾನು ಪಿ.ಯು.ಸಿ. ಮುಗಿಸಿದ್ದೆ. ಮೈಸೂರಿನಲ್ಲಿ ಬಿ.ಎ. ಓದಿಸಲು ಅಪ್ಪನಿಗೆ ಅಷ್ಟಾಗಿ ಮನಸ್ಸಿರಲಿಲ್ಲ. ಅವ್ವ, "ಹಾಸ್ಟೆಲ್ ದುಡ್ಡು ನನ್ನ ಕೋಳಿಗಳು ಕಟ್ತವೆ, ನೀವು ಸುಮ್ನಿರಿ" ಎಂದಿದ್ದಳು. ಇಪ್ಪತ್ತೆರಡು ಕೋಳಿಗಳಿದ್ದವು, ಅವುಗಳಲ್ಲಿ ಐದು ಒಳ್ಳೆಯ ಹುಂಜ. ಊರಿನಲ್ಲಿ ಹಬ್ಬ ಮುಗಿದ ವಾರ ಮೊದಲ ಯಾಟೆ ತೂಕಡಿಸತೊಡಗಿತು. ಮರುದಿನ ಮೂರು. ಬಾಯಿ ತೆರೆದು ಗೊರ ಗೊರ ಉಸಿರು, ಹಸಿರು ಬಿಳಿ ಭೇದಿ, ಕುತ್ತಿಗೆ ತಿರುಚಿ ಆಕಾಶ ನೋಡುವುದು. ಅವ್ವ ಬೆಳ್ಳುಳ್ಳಿ ಜಜ್ಜಿದಳು, ಮೆಣಸು ಅರೆದಳು, ಈರುಳ್ಳಿ ತಿನ್ನಿಸಿದಳು, ನೆಲಬೇವಿನ ಕಷಾಯ ಕಾಸಿದಳು. ಮಾರಮ್ಮನಿಗೆ ಹರಕೆ ಕಟ್ಟಿದಳು. ಸೋದರತ್ತೆಯೊಬ್ಬರು, "ಇರೋವನ್ನಾದ್ರೂ ಸಂತೆಗೆ ಹಾಕವ್ವ" ಎಂದರು. ಇನ್ನೂ ಚೆನ್ನಾಗಿ ಕಾಣುತ್ತಿದ್ದ ನಾಲ್ಕನ್ನು ಕಾಲು ಕಟ್ಟಿ ಸಂತೆಗೆ ಒಯ್ದೆವು. ಉಳಿದ ಹದಿನೆಂಟರಲ್ಲಿ ಎಂಟು ದಿನದಲ್ಲಿ ಹದಿನೇಳು ಸತ್ತವು. ಅವ್ವ ಓಲೆಯನ್ನು ಅಡವಿಟ್ಟು ನನ್ನ ಹಾಸ್ಟೆಲ್ ದುಡ್ಡು ಕಟ್ಟಿದಳು. ಆ ಓಲೆ ಮರಳಿ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು, "ನನ್ನ ಕೈಗುಣ ಹೋಯ್ತು" ಎಂಬ ಮಾತು. ಅಲ್ಲಿಂದ ಮುಂದೆ ಊರಿನ ಯಾರಾದರೂ ಕೋಳಿ ಹಿಡಿದುಕೊಂಡು ಮದ್ದು ಕೇಳಲು ಬಂದರೆ ಅವ್ವ ಒಳಗೆ ಹೋಗಿಬಿಡುತ್ತಿದ್ದಳು.

ಈ ರೋಗದ ಚರಿತ್ರೆಯನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. 1926ರಲ್ಲಿ ಜಾವಾದಲ್ಲಿ ಇದನ್ನು ಗುರುತಿಸಿದರು. ಅದೇ ವರ್ಷ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿತು. ಅದರಿಂದಲೇ ಜಗತ್ತಿನಲ್ಲಿ ಅದಕ್ಕೆ ನ್ಯೂಕ್ಯಾಸಲ್ ರೋಗವೆಂಬ ಹೆಸರು. ಒಂದೆರಡು ವರ್ಷಗಳಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತ್‌ನಲ್ಲಿ ಕಂಡು, ನಮ್ಮ ದೇಶದ ವೈದ್ಯರ ಬಾಯಲ್ಲಿ ರಾಣಿಖೇತ್ ರೋಗವಾಯಿತು. ಲಸಿಕೆ ಹಾಕದ ಕೋಳಿಗಳಿಗೆ ತಗುಲಿದರೆ ನೂರಕ್ಕೆ ತೊಂಬತ್ತು ಸಾಯುವುದೂ ಉಂಟು. ವೈರಸ್ ರೋಗವಾದ್ದರಿಂದ ಹತ್ತಿದ ಮೇಲೆ ಬೆಳ್ಳುಳ್ಳಿಯಿಂದಲೂ ವಾಸಿಯಿಲ್ಲ, ಪೇಟೆಯ ಕ್ಯಾಪ್ಸೂಲಿನಿಂದಲೂ ವಾಸಿಯಿಲ್ಲ, ಯಾವ ದೇಶದ ಆಸ್ಪತ್ರೆಯಲ್ಲೂ ಮದ್ದಿಲ್ಲ. ತಡೆಯುವುದೊಂದೇ ದಾರಿ. ಆ ದಾರಿಯನ್ನು ಕಂಡುಹಿಡಿದದ್ದೂ ಅದೇ ಕುಮಾವೂನ್ ಬೆಟ್ಟದಲ್ಲಿ. ಮುಕ್ತೇಶ್ವರದ ಪಶುರೋಗ ಸಂಶೋಧನಾಲಯದಲ್ಲಿ 1940ರ ದಶಕದಲ್ಲೇ ಇದರ ಲಸಿಕೆ ತಯಾರಾಯಿತು. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಹುಟ್ಟಿ ಈಗ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಾಗಿರುವ ಕಡೆಯೂ ಕೋಳಿಯ ಲಸಿಕೆಗಳು ತಯಾರಾಗುತ್ತವೆ. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬಲಗುಂದಿಸಿ ಲಸಿಕೆ ಮಾಡಬಹುದೆಂದು ಪಾಶ್ಚರ್ ಲೋಕಕ್ಕೆ ತೋರಿಸಿದ್ದು 1880ರಲ್ಲಿ, ಅದೂ ಕೋಳಿಗಳ ಕಾಲರಾ ರೋಗದ ಮೇಲೆ. ಮನುಷ್ಯರ ಎಷ್ಟೋ ಲಸಿಕೆಗಳಿಗೆ ದಾರಿ ತೋರಿದ್ದು ಕೋಳಿ. ಆದರೆ 1987ರಲ್ಲಿ ನಮ್ಮ ಹಿತ್ತಲಿನ ಕೋಳಿಗೆ ಲಸಿಕೆಯೆಂಬುದೊಂದು ಇದೆಯೆಂದು ಅವ್ವನಿಗೆ ಯಾರೂ ಹೇಳಿರಲಿಲ್ಲ. ಕಾಲೇಜು ಓದಲು ಹೊರಟಿದ್ದ ನನಗೂ ಗೊತ್ತಿರಲಿಲ್ಲ.

ಓದಿದ್ದನ್ನು ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಹುರುಳಿಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಹಂಗಾರೆ ಆವತ್ತು ಏನ್ ಕೊಟ್ಟಿದ್ರೂ ಉಳೀತಿರ್ಲಿಲ್ವಾ?" ಇಲ್ಲವ್ವ, ಯಾರ ಕೈಯಲ್ಲೂ ಆಗುತ್ತಿರಲಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂತೆಗೆ ಹಾಕಿದ್ವಲ್ಲ ನಾಕ, ಅವು ಯಾರ ಮನೆ ಗೂಡು ತೊಳೆದ್ವೋ" ಎಂದಳು. ನಾನು ಓದಿದ್ದರಲ್ಲಿ ಆ ಮಾತಿಗೆ ಉತ್ತರವಿರಲಿಲ್ಲ. ರೋಗ ಹರಡುವುದೇ ಹಾಗೆ. ಮೇಲೆ ಚೆನ್ನಾಗಿ ಕಾಣುವ ಕೋಳಿಯ ಮೈಯಲ್ಲಿ ಅದು ಆಗಲೇ ಸೇರಿರುತ್ತದೆ. ಹಬ್ಬಕ್ಕೆ ನೆಂಟರು ತಂದ ಕೋಳಿಯೊಡನೆ ಅದು ನಮ್ಮ ಮನೆಗೆ ಬಂದಿರಬೇಕು, ನಮ್ಮ ಮನೆಯಿಂದ ಸಂತೆಗೆ ಹೋಗಿರಬೇಕು.

ಈಗ ಲಸಿಕೆಯ ಸುದ್ದಿ ಹಳ್ಳಿಗೆ ತಲುಪಿದೆ, ಆದರೆ ಇನ್ನೊಂದು ತೊಡಕಿದೆ. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟು ಮದ್ದಿರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿಯ ಹೆಂಗಸು ಒಬ್ಬಳೇ ಹೋಗಿ ಕೇಳಿದರೆ ಯಾರು ಸೀಸೆ ಒಡೆಯುತ್ತಾರೆ? ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ಇದಕ್ಕೆ ಒಂದು ಉಪಾಯ ಮಾಡಿದ್ದನ್ನು ನೋಡಿದೆ. ಬೇಸಿಗೆಗೆ ಮುಂಚೆ ಒಂದು ದಿನ ಗೊತ್ತು ಮಾಡಿ, ಬೆಳಗಿನ ಜಾವ ಕೋಳಿ ಬಿಡುವ ಮೊದಲೇ ಬೀದಿಯ ಎಲ್ಲ ಮನೆಯವರೂ ಮಂಕರಿಯೊಡನೆ ತಯಾರಿರುತ್ತಾರೆ. ತರಬೇತಿ ಪಡೆದ ಪಶುಸಖಿ ಹುಡುಗಿ ಮನೆಯಿಂದ ಮನೆಗೆ ಹೋಗುತ್ತಾಳೆ. ಮೊದಲ ವಾರದ ಪಿಳ್ಳೆಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರ ತುಂಬಿದ್ದಕ್ಕೆ ರೆಕ್ಕೆಯ ಕೆಳಗೆ ಸೂಜಿ. ಬಿಸಿಲೇರುವ ಹೊತ್ತಿಗೆ ನೂರು ಕೋಳಿ ಮುಗಿದಿತ್ತು. ಒಂದು ಕೋಳಿಗೆ ಬಿದ್ದ ಖರ್ಚು ಒಂದು ಮೊಟ್ಟೆಯ ಬೆಲೆಗಿಂತ ಕಡಿಮೆ ಎಂದು ಅವರೇ ಲೆಕ್ಕ ಹೇಳಿದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಒಪ್ಪುವುದಿಲ್ಲ. ಹೇನಿಗೆ ಬೂದಿ, ಹೊಪ್ಪಳೆಗೆ ಅರಿಶಿನ, ಬಲವಿಲ್ಲದ ಕಾಲಿಗೆ ತೌಡು, ಇವನ್ನು ಬಿಡಬೇಕಾಗಿಲ್ಲ. ಆದರೆ ಕೊಕ್ಕರೆ ರೋಗಕ್ಕೆ ಹಿತ್ತಲ ಮದ್ದನ್ನು ನಂಬಿ ಕೂರುವುದು, ಲಸಿಕೆಯ ದಿನವನ್ನು ತಪ್ಪಿಸುವುದು ನಮ್ಮ ಡಬ್ಬಿಗೆ ನಾವೇ ಕನ್ನ ಹಾಕಿದಂತೆ. ಹಾಗೆಯೇ ಒಮ್ಮೆಗೇ ಹಲವು ಕೋಳಿ ಸತ್ತರೆ ಮುಟ್ಟದೆ, ತಿನ್ನದೆ, ಮಾರದೆ ಪಶು ಆಸ್ಪತ್ರೆಗೆ ತಿಳಿಸಬೇಕು. 2020ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಮೇಲುನೋಟಕ್ಕೆ ಅದಕ್ಕೂ ಕೊಕ್ಕರೆ ರೋಗಕ್ಕೂ ವ್ಯತ್ಯಾಸ ಹೇಳಲಾಗದು, ಅದು ಮನುಷ್ಯರಿಗೂ ಬರಬಹುದು. ಸತ್ತ ಕೋಳಿಯನ್ನು ತಿಪ್ಪೆಗೋ ಕೆರೆಗೋ ಎಸೆಯದೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ನನ್ನ ನೋಟ್‌ಬುಕ್ಕಿನಲ್ಲಿ ಕೊಕ್ಕರೆ ರೋಗದ ಪುಟದಲ್ಲಿ ಮಕ್ಕಳು ತಂದ ಹದಿನಾಲ್ಕು ಮದ್ದುಗಳಿವೆ. ಒಂದನ್ನೂ ಹೊಡೆದುಹಾಕಿಲ್ಲ, ಅವೆಲ್ಲ ಒಬ್ಬೊಬ್ಬ ಹೆಂಗಸು ತನ್ನ ಗೂಡಿನ ಮುಂದೆ ಕುಳಿತು ಪಟ್ಟ ಪಾಡು. ಕೆಳಗೆ ಕೆಂಪು ಶಾಯಿಯಲ್ಲಿ ಲಸಿಕೆಯ ವಿವರ ಬರೆದಿದ್ದೇನೆ. ಅವ್ವ ಈಗಿಲ್ಲ. ಕೊನೆಯ ಎರಡು ವರ್ಷ ಮಾತ್ರ ಅವಳು ಮತ್ತೆ ಯಾರಾದರೂ ಕೋಳಿ ಹಿಡಿದುಕೊಂಡು ಬಂದರೆ ಒಳಗೆ ಹೋಗದೆ, ಕೊಕ್ಕು ಬಿಡಿಸಿ ಬಾಯಿ ನೋಡುತ್ತಿದ್ದಳು. ನೋಡಿ, "ಇದು ನನ್ನ ಕೈಲಿ ಆಗೋದು" ಅಥವಾ "ಇದು ನನ್ನ ಕೈಲಿ ಆಗೋದಲ್ಲ, ಉಳಿದವಕ್ಕೆ ಸೂಜಿ ಹಾಕ್ಸು" ಎಂದು ಹೇಳಿ ಕಳಿಸುತ್ತಿದ್ದಳು.